ಮೊಣಕಾಲೂರಿದರೆ ಕಾಣುವ ಅಮೆರಿಕ

ನಯಾಗರ ಆಯಿತು, ನ್ಯೂಯಾರ್ಕ್ ಆಯಿತು. ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಇರುವವರು ಕ್ಯಾಮೆರಾವನ್ನು ಒಮ್ಮೆ ನೆಲಕ್ಕಿಳಿಸಿ ನೋಡಬೇಕು. ಗ್ರೇಟ್ ಸ್ಮೋಕಿ ಬೆಟ್ಟಗಳ ಕಾಡಿನಡಿಯಲ್ಲಿ ಕೆಲವೇ ವಾರ ನಡೆಯುವ ಹೂವಿನ ಜಾತ್ರೆಗೆ ಪ್ರವೇಶ ಶುಲ್ಕವಿಲ್ಲ. ಮಂಡಿ ಗಟ್ಟಿಯಿರಬೇಕು, ಅಷ್ಟೆ!

"ಅಪ್ಪಾ, ಏಳಿ. ಜನ ನೋಡ್ತಿದಾರೆ."

"ನೋಡ್ಲಿ ಬಿಡೋ. ಆ ಛತ್ರೀನ ಸ್ವಲ್ಪ ಎಡಕ್ಕೆ ಹಿಡಿಯೋಕೆ ನಿಮ್ಮಮ್ಮಂಗೆ ಹೇಳು."

ಟೆನೆಸ್ಸೀ ರಾಜ್ಯದ ಪೋರ್ಟರ್ಸ್ ಕ್ರೀಕ್ ಎಂಬ ಕಾಲುದಾರಿಯ ಅಂಚಿನಲ್ಲಿ ಕಿವಿಗೆ ಬಿದ್ದ ಕನ್ನಡ ಇದು. ಅರವತ್ತು ದಾಟಿದ ಹಿರಿಯರೊಬ್ಬರು ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರಲು ಮಲಗಿದ್ದರು. ಸೀರೆಯ ಮೇಲೆ ಮಗನ ಜಾಕೆಟ್ ಏರಿಸಿಕೊಂಡ ಅವರ ಹೆಂಡತಿ ಛತ್ರಿ ಬಿಚ್ಚಿ ನಿಂತಿದ್ದರು. ಮಳೆಯೇನೂ ಇರಲಿಲ್ಲ, ಎಳೆಬಿಸಿಲಿತ್ತು. ಛತ್ರಿಯ ನೆರಳು ಗಂಡನ ತಲೆಯನ್ನು ಬಿಟ್ಟು, ಅವರ ಮೂಗಿನ ಮುಂದಿದ್ದ ಒಂದು ಬಿಳಿ ಹೂವಿನ ಮೇಲೆ ಬಿದ್ದಿತ್ತು.

ಮಗ ಮುಜುಗರಪಡುವ ಅಗತ್ಯವೇ ಇರಲಿಲ್ಲ. ಏಪ್ರಿಲ್ ಬಂತೆಂದರೆ ಆ ದಾರಿಯಲ್ಲಿ ಅಲ್ಲಲ್ಲಿ ಮಲಗಿದವರು, ಮಂಡಿಯೂರಿದವರು, ಕೈಯಲ್ಲಿ ಭೂತಗನ್ನಡಿ ಹಿಡಿದು ಬಗ್ಗಿದವರು ಸಿಕ್ಕೇ ಸಿಗುತ್ತಾರೆ. ಅವರನ್ನು ದಾಟಿ ಹೋಗುವವರು ಹೆಜ್ಜೆ ನಿಧಾನ ಮಾಡುತ್ತಾರೆ. ಜೋರಾಗಿ ನಡೆದರೆ ಎದ್ದ ಗಾಳಿಗೆ ಹೂ ಅಲುಗುತ್ತದೆ, ಫೋಟೊ ಕೆಡುತ್ತದೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮವರ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ. ಪಟ್ಟಿಯಲ್ಲಿರುವುದೆಲ್ಲ ದೊಡ್ಡದು, ಮೊಬೈಲಿನ ಚೌಕಟ್ಟಿಗೆ ಹಿಡಿಸದಷ್ಟು ದೊಡ್ಡದು. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರೂ ಕುವೋಹಿ ಶಿಖರದ ಗೋಪುರ ಹತ್ತಿ, ನೀಲಿ ಮಂಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. (2024ರವರೆಗೆ ಅದು ಕ್ಲಿಂಗ್‌ಮನ್ಸ್ ಡೋಮ್. ಅಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರ ಹಳೆಯ ಹೆಸರನ್ನು ಆ ವರ್ಷ ಮರಳಿ ಇಟ್ಟರು.)

ಟೆನೆಸ್ಸೀ ಮತ್ತು ಉತ್ತರ ಕೆರೊಲಿನಾಗಳ ಗಡಿಯ ಮೇಲೆ ಹಬ್ಬಿರುವ ಈ ಕಾಡಿಗೆ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಜನ ಬರುತ್ತಾರೆ. ಅಮೆರಿಕದ ಬೇರೆ ಯಾವ ರಾಷ್ಟ್ರೀಯ ಉದ್ಯಾನಕ್ಕೂ ಇಷ್ಟು ಜನ ಬರುವುದಿಲ್ಲ. ಹೂ ಬಿಡುವ ಸಸ್ಯಗಳ ಎಣಿಕೆಯಲ್ಲೂ ಇದೇ ಮುಂದು: 1,500ಕ್ಕೂ ಹೆಚ್ಚು ಬಗೆ. ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಹಿಮದ ಹಾಸು ಇಲ್ಲಿಯವರೆಗೆ ಮುಟ್ಟಲಿಲ್ಲ. ಉತ್ತರದ ಗಿಡಗಳು ಇಲ್ಲಿ ಆಶ್ರಯ ಪಡೆದವು, ದಕ್ಷಿಣದವು ಮೊದಲೇ ಇದ್ದವು. 267 ಮೀಟರ್ ಎತ್ತರದ ಕಣಿವೆಯಿಂದ 2,025 ಮೀಟರಿನ ಶಿಖರದವರೆಗೆ ಎತ್ತರ ಬದಲಾದಂತೆ ಗಿಡಗಳೂ ಬದಲಾಗುತ್ತವೆ. ಕೆಳಗೆ ಮಾರ್ಚ್‌ನಲ್ಲಿ ಶುರುವಾದ ವಸಂತ ಬೆಟ್ಟ ಹತ್ತಿ ತುದಿ ತಲುಪುವಷ್ಟರಲ್ಲಿ ಮೇ ಕಳೆಯುತ್ತಾ ಬಂದಿರುತ್ತದೆ.

ಎಲೆ ಚಿಗುರುವ ಮುನ್ನ

ನೆಲದ ಹೂಗಳಿಗೆ ಸಿಗುವ ಬಿಡುವು ಬಹಳ ಸಣ್ಣದು. ಚಳಿಗಾಲದಲ್ಲಿ ಇಲ್ಲಿನ ಮರಗಳು ಬೋಳು. ಮಾರ್ಚ್‌ನಲ್ಲಿ ನೆಲ ಬೆಚ್ಚಗಾದರೂ ಮರಗಳಿಗೆ ಎಲೆ ಬರಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಬಿಸಿಲು ನೇರ ನೆಲಕ್ಕೇ ಬೀಳುತ್ತದೆ. ಗೆಡ್ಡೆಯಾಗಿ ಮಣ್ಣೊಳಗೆ ಮಲಗಿದ್ದ ಗಿಡಗಳು ಆಗ ಎದ್ದು, ಎಲೆ ಬಿಚ್ಚಿ, ಹೂ ಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದ ಊಟವನ್ನು ಗೆಡ್ಡೆಗೆ ತುಂಬಿಕೊಂಡುಬಿಡಬೇಕು. ಮೇಲೆ ಎಲೆಯ ಚಪ್ಪರ ಮುಚ್ಚಿತೋ, ಆಟ ಮುಗಿಯಿತು. ಜೂನ್‌ನಲ್ಲಿ ಹೋದವರಿಗೆ ಇಂಥ ಹಲವು ಗಿಡಗಳು ಅಲ್ಲಿದ್ದವು ಎಂಬ ಗುರುತೂ ಸಿಗುವುದಿಲ್ಲ.

ಬ್ಲಡ್‌ರೂಟ್ ಹೂವಿನ ಆಯುಸ್ಸು ಎರಡು ಮೂರು ದಿನ. ಜೋರು ಮಳೆ ಬಂದರೆ ಅಷ್ಟೂ ಇಲ್ಲ. ಟ್ರೌಟ್ ಲಿಲಿ ಹಲವು ವರ್ಷ ಒಂದೇ ಒಂದು ಎಲೆ ಬಿಟ್ಟುಕೊಂಡು ಕಾಲ ತಳ್ಳುತ್ತದೆ. ಎರಡೆಲೆ ಬಿಡುವಷ್ಟು ಕಸುವು ಬಂದ ಮೇಲೆಯೇ ಹೂವಿನ ಮಾತು. ಟ್ರಿಲಿಯಮ್ ಬೀಜ ಬಿದ್ದು ಮೊದಲ ಹೂ ಅರಳಲು ಏಳರಿಂದ ಹತ್ತು ವರ್ಷ. ಮೂರು ಎಲೆ, ನಡುವೆ ಮೂರು ದಳದ ಹೂ, ಅದರ ಆಸ್ತಿ ಇಷ್ಟೇ. ಹೂವಿನ ಆಸೆಗೆ ಎಲೆ ಸಮೇತ ಮುರಿದರೆ ಆ ವರ್ಷ ಗೆಡ್ಡೆಗೆ ಉಪವಾಸ.

ಟ್ರಿಲಿಯಮ್ ಬೀಜ ಹೊರುವ ಕೂಲಿಗಳು ಇರುವೆಗಳು. ಬೀಜಕ್ಕೆ ಅಂಟಿಕೊಂಡ ಕೊಬ್ಬಿನ ತುಣುಕಿನ ಆಸೆಗೆ ಅವು ಬೀಜವನ್ನು ಗೂಡಿಗೆ ಎಳೆಯುತ್ತವೆ, ಕೊಬ್ಬು ತಿಂದು ಬೀಜವನ್ನು ಕಸಕ್ಕೆ ಎಸೆಯುತ್ತವೆ. ಆ ಕಸದ ಗೊಬ್ಬರದಲ್ಲೇ ಮೊಳಕೆ. ಆದರೆ ಇರುವೆ ಎಷ್ಟು ದೂರ ನಡೆದೀತು? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

▣ ಸ್ಮೋಕಿ: ಚುಟುಕು ವಿವರ
• ಉದ್ಯಾನ ಆರಂಭ 1934ರಲ್ಲಿ. 1940ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ನ್ಯೂಫೌಂಡ್ ಗ್ಯಾಪ್ ಕಣಿವೆಯಲ್ಲಿ ನಿಂತು ದೇಶಕ್ಕೆ ಅರ್ಪಿಸಿದರು. 1983ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ.
• ವಿಸ್ತೀರ್ಣ ಸುಮಾರು 2,100 ಚದರ ಕಿ.ಮೀ.
• ಹೂ ನೋಡಲೆಂದೇ ಏರ್ಪಡುವ 'ಸ್ಪ್ರಿಂಗ್ ವೈಲ್ಡ್‌ಫ್ಲವರ್ ಪಿಲ್ಗ್ರಿಮೇಜ್' ಶುರುವಾದದ್ದು 1951ರಲ್ಲಿ, ಗ್ಯಾಟ್ಲಿನ್‌ಬರ್ಗ್ ಪಟ್ಟಣದಲ್ಲಿ. ಗಿಡ ಬಲ್ಲವರ ಜೊತೆ ಕಾಡಿನಲ್ಲಿ ನಡೆಯುವುದೇ ಈ ಯಾತ್ರೆ.
• ಹೂವಿಗೆ ಹೆಸರಾದ ದಾರಿಗಳು: ಪೋರ್ಟರ್ಸ್ ಕ್ರೀಕ್, ಚೆಸ್ಟ್‌ನಟ್ ಟಾಪ್, ಕೋವ್ ಹಾರ್ಡ್‌ವುಡ್.
• ಪ್ರವೇಶ ಉಚಿತ. 2023ರಿಂದ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಲು ಪಾರ್ಕಿಂಗ್ ಚೀಟಿ ಕೊಳ್ಳಬೇಕು.

ಬಿಸಿಲು ಬೇಕು, ಬಿಸಿಲು ಬೇಡ

ಹೂವಿಗೆ ಮೋಡದ ಬೆಳಕೇ ಬೆಳಕು ಎಂಬುದು ಫೋಟೊಗ್ರಫಿಯ ಮೊದಲ ಪಾಠಗಳಲ್ಲೊಂದು. ಬಿಸಿಲಿನಲ್ಲಿ ಬಿಳಿ ದಳ ಸುಟ್ಟಂತೆ ಬರುತ್ತದೆ, ನೆರಳು ಕಪ್ಪಗೆ ಕಚ್ಚಿಕೊಳ್ಳುತ್ತದೆ. ಪಾಠ ಸರಿಯೇ. ಹೂಗಳು ಮಾತ್ರ ಅದನ್ನು ಓದಿಲ್ಲ. ಬ್ಲಡ್‌ರೂಟ್, ಸ್ಪ್ರಿಂಗ್ ಬ್ಯೂಟಿ, ಹೆಪಾಟಿಕಾ ಮೂರೂ ಮೋಡ ಕವಿದು ಚಳಿಯಾದರೆ ದಳ ಮುಚ್ಚಿಕೊಳ್ಳುತ್ತವೆ. ಜೇನು ಹಾರದ ಹೊತ್ತಿನಲ್ಲಿ ಪರಾಗ ಒದ್ದೆ ಮಾಡಿಕೊಂಡು ಅವಕ್ಕೇನು ಲಾಭ? ಬೆಳಗಿನ ಮಂಜಿನ ಮೃದು ಬೆಳಕು ನಂಬಿಕೊಂಡು ಆರು ಗಂಟೆಗೇ ಕಾಡು ಹೊಕ್ಕವರಿಗೆ ಮೊಗ್ಗಿನ ಫೋಟೊಗಳೇ ಗತಿ.

ಹಾಗಾಗಿ ಬಿಸಿಲೇರಿ ಹೂ ಬಿಚ್ಚುವವರೆಗೆ ಕಾಯಬೇಕು. ಬಿಚ್ಚಿದ ಮೇಲೆ ಅದೇ ಬಿಸಿಲಿಗೆ ಮರೆ ಹಿಡಿಯಬೇಕು. ಛತ್ರಿಯ ಕೆಲಸ ಇದು. ಕಪ್ಪು ಛತ್ರಿ ನೆರಳು ಕೊಡುತ್ತದೆ, ಬಿಳಿಯದು ಬೆಳಕನ್ನು ಸೋಸಿ ಕೊಡುತ್ತದೆ, ಎರಡೂ ಗಾಳಿ ತಡೆಯುತ್ತವೆ. ಬೆಳಕು ಸೋಸಲೆಂದೇ ಮಾರುವ ಡಿಫ್ಯೂಸರ್ ಕೊಳ್ಳುವವರು ಕೊಳ್ಳಲಿ. ಮಳೆ ಬಂದರೆ ಅದನ್ನು ತಲೆಗೆ ಹಿಡಿಯಲಾಗದು.

ಬಿಳಿ ಹೂವಿಗೆ ಇನ್ನೊಂದು ತೊಡಕಿದೆ. ಕ್ಯಾಮೆರಾದ ಮೀಟರ್ ಸುತ್ತಲಿನ ಕಂದು ತರಗೆಲೆ ಕಂಡು, ಕತ್ತಲಿದೆ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ದಳದ ಮೇಲಿನ ನವಿರು ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು ಇಳಿಸುವುದು ವಾಸಿ. ಕಪ್ಪಾದ ತರಗೆಲೆಯನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಗಿಸಬಹುದು. ಸುಟ್ಟ ದಳದಲ್ಲಿ ಬೆಳಗಿಸಲು ಏನೂ ಉಳಿದಿರುವುದಿಲ್ಲ.

ಟ್ರಿಲಿಯಮ್ ಇಂಥ ಸತಾಯಿಸುವಿಕೆ ಇಲ್ಲದ ಹೂ. ಮೋಡವಿದ್ದರೂ ಬಿಚ್ಚಿಕೊಂಡೇ ಇರುತ್ತದೆ, ಮಳೆ ನಿಂತ ಗಳಿಗೆಯಲ್ಲಿ ಇನ್ನೂ ಚೆಂದ. ಸ್ಮೋಕಿಯಲ್ಲಿ ಸುಮಾರು ಹತ್ತು ಬಗೆಯ ಟ್ರಿಲಿಯಮ್‌ಗಳಿವೆ. ದೊಡ್ಡ ಬಿಳಿ ಟ್ರಿಲಿಯಮ್ ವಯಸ್ಸಾದಂತೆ ಗುಲಾಬಿಗೆ ತಿರುಗುತ್ತದೆ. ಹಳದಿಯದಕ್ಕೆ ನಿಂಬೆಯ ವಾಸನೆ. ಕೆಂಪು ಟ್ರಿಲಿಯಮ್ ನೊಣಗಳನ್ನು ಕರೆಯಲು ಕೊಳೆತ ಮಾಂಸದ ನಾತ ಬೀರುತ್ತದೆ. ಅದರ ಎದುರು ಮ್ಯಾಕ್ರೊ ಲೆನ್ಸ್ ಹಿಡಿದು ಮಲಗಿದವರಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಮಿಲಿಮೀಟರಿನ ಲೋಕ

ಹೂ ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡದಾಗಿ ಸೆನ್ಸರಿನ ಮೇಲೆ ಮೂಡಿಸಿದರೆ, ಎಫ್ 8 ಅಪರ್ಚರಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ ಒಂದು ಮಿಲಿಮೀಟರ್. ಎಫ್ 16 ಮಾಡಿದರೂ ಎರಡು. ಅಪರ್ಚರನ್ನು ಅದಕ್ಕಿಂತ ಕಿರಿದಾಗಿಸಿದರೆ ಬೆಳಕು ಅದರ ಅಂಚಿಗೆ ತಾಗಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ತೊರೆಯಂಚಿನ ಪಾಚಿಯ ನಡುವೆ ಅರಳುವ ಬ್ಲೂಎಟ್ ಹೂವಿನ ಅಗಲ ಒಂದು ಸೆಂಟಿಮೀಟರಿನ ಆಸುಪಾಸು, ದಂಟು ದಾರದಷ್ಟು. ನೀವು ಬಿಟ್ಟ ಉಸಿರಿಗೇ ಅದು ಒಂದು ಮಿಲಿಮೀಟರಿಗಿಂತ ಹೆಚ್ಚು ತೂಗುತ್ತದೆ.

ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ಫೋಕಸ್ ಸ್ಟ್ಯಾಕಿಂಗ್ ಎಂಬ ಉಪಾಯವಿದೆ. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಚಿತ್ರ ತೆಗೆದು, ಸಾಫ್ಟ್‌ವೇರಿನಲ್ಲಿ ಒಂದು ಮಾಡುವುದು. ಕೇಸರದ ತುದಿಯಿಂದ ಹಿಂದಿನ ದಳದವರೆಗೆ ಎಲ್ಲವೂ ಚೂಪಾಗಿ ಕಾಣುತ್ತದೆ. ಅಂಥ ಚಿತ್ರ ಸಸ್ಯಶಾಸ್ತ್ರದ ಪುಸ್ತಕಕ್ಕೆ ಸರಿ, ನನ್ನ ಮನೆಯ ಗೋಡೆಗೆ ಬೇಡ. ಕಣ್ಣು ಹಾಗೆ ನೋಡುವುದೇ ಇಲ್ಲ.

ನನ್ನ ಮಟ್ಟಿಗೆ ಅರ್ಧ ಅಡಿ ಹಿಂದೆ ಸರಿಯುವುದೇ ಒಳ್ಳೆಯ ಉಪಾಯ. ಹೂವನ್ನು ಅರ್ಧ ಗಾತ್ರಕ್ಕೆ ಇಳಿಸಿದರೆ ಸ್ಪಷ್ಟ ಆಳ ಸುಮಾರು ಮೂರು ಪಟ್ಟಾಗುತ್ತದೆ. ಜೊತೆಗೆ ಹೂವಿನ ಅಕ್ಕಪಕ್ಕದ ಪಾಚಿ, ಉದುರಿದ ಓಕ್ ಎಲೆ, ದೂರದ ಬೋಳು ಮರಗಳ ಕಾಂಡ ಎಲ್ಲ ಚೌಕಟ್ಟಿಗೆ ಬರುತ್ತವೆ. ಹೂ ಇರುವುದು ಕಾಡಿನಲ್ಲಿ ಎಂಬುದು ತಿಳಿಯುತ್ತದೆ. ನಿಂತು ಕೆಳಗೆ ನೋಡಿ ತೆಗೆದ ಚಿತ್ರದ ಹಿನ್ನೆಲೆ ಬರೀ ತರಗು. ಅದೇ ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿದರೆ ಹಿನ್ನೆಲೆ ಇಡೀ ಬೆಟ್ಟ. ಡಚ್‌ಮನ್ಸ್ ಬ್ರಿಚಸ್ ಎಂಬ ಹೂವಿನ ಗೊಂಚಲು ಹಗ್ಗಕ್ಕೆ ತಲೆಕೆಳಗಾಗಿ ಒಣಹಾಕಿದ ಪುಟಾಣಿ ಪೈಜಾಮಗಳಂತಿರುತ್ತದೆ. ಮೇಲಿನಿಂದ ನೋಡಿದವರಿಗೆ ಆ ತಮಾಷೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಮೊಬೈಲಿನವರು ಗೆದ್ದರು. ಫೋನನ್ನು ತಲೆಕೆಳಗು ಮಾಡಿದರೆ ಅದರ ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗಿರುತ್ತದೆ. ದೊಡ್ಡ ಕ್ಯಾಮೆರಾವನ್ನು ಅಲ್ಲಿಗೆ ಇಳಿಸಬೇಕಾದರೆ ಟ್ರೈಪಾಡಿನ ಕಾಲು ಹರಡಿ ಹರಸಾಹಸ ಮಾಡಬೇಕು. ಅಕ್ಕಿಯೋ ಬೇಳೆಯೋ ತುಂಬಿದ ಸಣ್ಣ ಬಟ್ಟೆಚೀಲವನ್ನು ನೆಲಕ್ಕೆ ಹಾಕಿ ಕ್ಯಾಮೆರಾ ಊರಿದರೂ ನಡೆಯುತ್ತದೆ.

ಮಲಗುವ ಮುನ್ನ ನೆಲ ನೋಡಿಕೊಳ್ಳಿ. ಮೂರೆಲೆಯ ಪಾಯ್ಸನ್ ಐವಿ ಬಳ್ಳಿ ತಾಗಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಉಣ್ಣೆಗಳೂ ಇವೆ. ಅಲ್ಲಿನ ಉಣ್ಣೆ ಲೈಮ್ ಕಾಯಿಲೆ, ಸ್ಪಾಟೆಡ್ ಫೀವರ್ ತರಬಲ್ಲದು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ: ಉದ್ದ ಕಾಲುಚೀಲದೊಳಗೆ ಪ್ಯಾಂಟು ತೂರಿಸಿ, ಮನೆಗೆ ಬಂದು ಮೈ ಪರೀಕ್ಷಿಸಿಕೊಳ್ಳಿ.

▣ ಅಲ್ಲಿಯೂ ನಮ್ಮ ನೆಂಟರು
• ಜ್ಯಾಕ್ ಇನ್ ದ ಪಲ್ಪಿಟ್: ಸುವರ್ಣಗೆಡ್ಡೆ, ಕೆಸುವಿನ ಕುಟುಂಬ. ಗೆಡ್ಡೆ ಸಣ್ಣದಿದ್ದ ವರ್ಷ ಗಿಡ ಗಂಡು, ಚೆನ್ನಾಗಿ ಉಂಡು ದಪ್ಪಗಾದ ವರ್ಷ ಹೆಣ್ಣು, ಮತ್ತೆ ಸೊರಗಿದರೆ ಗಂಡು! ಗಂಡು ಹೂವಿನ ಬುಡದಲ್ಲಿ ಒಳಬಿದ್ದ ನುಸಿ ಪರಾಗ ಹೊತ್ತು ಪಾರಾಗಲು ಸಣ್ಣ ಕಿಂಡಿ ಇರುತ್ತದೆ. ಹೆಣ್ಣು ಹೂವಿನಲ್ಲಿ ಕಿಂಡಿಯಿಲ್ಲ.
• ಪಾರ್ಟ್ರಿಜ್‌ಬೆರಿ: ಕಾಫಿ, ಕೇಪಳದ ಕುಟುಂಬ. ನೆಲಕ್ಕಂಟಿ ಹರಿಯುವ ಬಳ್ಳಿ. ಎರಡು ಬಿಳಿ ಹೂ ಸೇರಿ ಒಂದೇ ಕೆಂಪು ಹಣ್ಣು. ಹಣ್ಣಿನ ಮೇಲೆ ಎರಡು ಗುರುತು ಉಳಿದಿರುತ್ತದೆ. ಬ್ಲೂಎಟ್ ಕೂಡ ಇದೇ ಮನೆತನ.
• ಪಾಯ್ಸನ್ ಐವಿ: ಮಾವು, ಗೇರಿನ ಕುಟುಂಬ. ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಮೈ ಸುಡುವುದೂ ಇದೇ ಜಾತಿಯ ರಾಸಾಯನಿಕಗಳಿಂದ.
• ಬ್ಲಡ್‌ರೂಟ್: ಗಸಗಸೆಯ ಕುಟುಂಬ. ಇದರ ಕೆಂಪು ರಸವನ್ನು ಚೆರೊಕೀ ಜನ ಬುಟ್ಟಿಗೆ ಬಣ್ಣ ಹಾಕಲು ಬಳಸುತ್ತಾರೆ. ರಸದಲ್ಲಿರುವ ವಿಷ ಸ್ಯಾಂಗ್ವಿನರಿನ್. ನಮ್ಮ ಬಯಲಲ್ಲಿ ಬೆಳೆಯುವ ಹಳದಿ ಹೂವಿನ ಮುಳ್ಳುಗಿಡ ಆರ್ಜಿಮೋನ್‌ನಲ್ಲೂ ಅದೇ ವಿಷ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಈ ಗಿಡದ ಎಣ್ಣೆ ಬೆರೆತು ಜನ ಸತ್ತದ್ದು ಅದರಿಂದಲೇ.

ಹೂವಿಗಿಂತ ಚಿಕ್ಕವು

ಹೂವಿನ ಹಸಿವು ತೀರಿದ ಮೇಲೆ ಕಣ್ಣು ಇನ್ನೂ ಕೆಳಗಿಳಿಯುತ್ತದೆ. ಸ್ಮೋಕಿಯ ಶಿಖರಗಳಲ್ಲಿ ವರ್ಷಕ್ಕೆ ಸುಮಾರು 85 ಅಂಗುಲ ಮಳೆ. ಬಿದ್ದ ಮರ, ನಿಂತ ಬಂಡೆ, ಎಲ್ಲದರ ಮೇಲೂ ಪಾಚಿ. ಪಾಚಿ ಮತ್ತು ಅದರ ಬಳಗದ ಸಸ್ಯಗಳೇ ಅಲ್ಲಿ ಸುಮಾರು 450 ಬಗೆ. ಅವುಗಳ ನಡುವೆ ಬ್ರಿಟಿಷ್ ಸೋಲ್ಜರ್ಸ್ ಎಂಬ ಕಲ್ಲುಹೂ ಕೆಂಪು ಟೊಪ್ಪಿ ಹಾಕಿಕೊಂಡು ನಿಂತಿರುತ್ತದೆ. ಅದರ ಎತ್ತರ ಉಗುರಿನ ಆಸುಪಾಸು. ಹೂವಿನಂತೆ ಇವು ಮುಚ್ಚುವುದಿಲ್ಲ, ಬಾಡುವುದಿಲ್ಲ, ಗಾಳಿಗೆ ಅಲ್ಲಾಡುವುದೂ ಕಡಿಮೆ. ಮ್ಯಾಕ್ರೊ ಕಲಿಯುವವರು ಇಲ್ಲಿಂದ ಶುರು ಮಾಡಿದರೆ ಒಳ್ಳೆಯದು. ಒದ್ದೆ ಎಲೆ, ಒದ್ದೆ ಪಾಚಿಯ ಹೊಳಪು ಚಿತ್ರ ಕೆಡಿಸುತ್ತಿದ್ದರೆ ಲೆನ್ಸಿಗೆ ಪೋಲರೈಜರ್ ಫಿಲ್ಟರ್ ಹಾಕಿ ತಿರುಗಿಸಿ. ಹಸಿರು ಒಮ್ಮೆಲೇ ಆಳವಾಗುತ್ತದೆ.

ಬೇಸಿಗೆಯಲ್ಲಿ ಹೋದವರಿಗೂ ಒಂದು ಅಚ್ಚರಿ ಉಳಿದಿರುತ್ತದೆ. ಜೂನ್ ನಂತರ ಕತ್ತಲ ಮೂಲೆಗಳಲ್ಲಿ ಗೋಸ್ಟ್ ಪೈಪ್ ಏಳುತ್ತದೆ: ಕಾಂಡ ಬಿಳಿ, ಹೂ ಬಿಳಿ, ಹಸಿರಿನ ಸುಳಿವೇ ಇಲ್ಲ. ಅಣಬೆಯಂತೆ ಕಂಡರೂ ಇದು ಹೂ ಬಿಡುವ ಸಸ್ಯ. ಮರದ ಬೇರುಗಳೊಂದಿಗೆ ಕೊಡುಕೊಳ್ಳುವ ಶಿಲೀಂಧ್ರಗಳಿಂದ ಕದ್ದು ಉಣ್ಣುವುದರಿಂದ ಅದಕ್ಕೆ ಬಿಸಿಲು ಬೇಕಿಲ್ಲ. ಕಿತ್ತರೆ ಬೇಗ ಕಪ್ಪಾಗುತ್ತದೆ. ಎಮಿಲಿ ಡಿಕಿನ್ಸನ್ ತೀರಿಕೊಂಡ ಮೇಲೆ 1890ರಲ್ಲಿ ಬಂದ ಅವರ ಮೊದಲ ಕವನ ಸಂಕಲನದ ರಕ್ಷಾಪುಟದಲ್ಲಿ ಇದ್ದದ್ದು ಇದೇ ಹೂವಿನ ಚಿತ್ರ.

ಹುಡುಕಿದವರಿಗೆ ಸಿಗದ ಗಿಡ

ನೆಲದ ಗಿಡಗಳನ್ನು ಹುಡುಕಿ ಅಲೆಯುವ ಹುಚ್ಚಿಗೆ ಈ ಬೆಟ್ಟಸಾಲಿನಲ್ಲಿ ಒಂದು ಪರಂಪರೆಯೇ ಇದೆ. ಫ್ರಾನ್ಸ್‌ನ ಸಸ್ಯಶಾಸ್ತ್ರಜ್ಞ ಆಂದ್ರೆ ಮಿಶೊ 1780ರ ದಶಕದಲ್ಲಿ ಕೆರೊಲಿನಾ ಬೆಟ್ಟಗಳನ್ನು ಸುತ್ತಿ ರಾಶಿ ರಾಶಿ ಗಿಡ ಒಣಗಿಸಿ ಪ್ಯಾರಿಸ್‌ಗೆ ಕಳಿಸಿದ. ಅವುಗಳಲ್ಲೊಂದು ಹೂವಿಲ್ಲದ, ಬರೀ ಎಲೆ ಮತ್ತು ಕಾಯಿಯ ತುಣುಕು. ಎಲ್ಲಿ ಸಿಕ್ಕಿತು ಎಂಬುದಕ್ಕೆ 'ಕೆರೊಲಿನಾದ ಎತ್ತರದ ಬೆಟ್ಟಗಳು' ಎಂಬಷ್ಟೇ ಬರಹ.

1839ರಲ್ಲಿ ಅಮೆರಿಕದ ತರುಣ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಪ್ಯಾರಿಸ್‌ನಲ್ಲಿ ಆ ತುಣುಕು ಕಂಡರು. ಯಾರೂ ಹೆಸರಿಡದ ಗಿಡ! ಊರಿಗೆ ಮರಳಿದವರು 1841ರಲ್ಲಿ ಬೆಟ್ಟ ಹತ್ತಿ ಹುಡುಕಿದರು. ಸಿಗಲಿಲ್ಲ. ಕೆಂಟಕಿಯ ಚಾರ್ಲ್ಸ್ ಶಾರ್ಟ್ ಎಂಬ ಸಸ್ಯಶಾಸ್ತ್ರಜ್ಞರ ಗೌರವಾರ್ಥ ಅದಕ್ಕೆ ಶಾರ್ಟಿಯಾ ಎಂದು ಹೆಸರಿಟ್ಟರು. ಮತ್ತೆ ಹುಡುಕಿದರು, ಉಳಿದವರೂ ಹುಡುಕಿದರು. ಎತ್ತರದ ಬೆಟ್ಟ ಎಂಬ ಬರಹ ನಂಬಿ ಎಲ್ಲರೂ ಎತ್ತರದಲ್ಲೇ ಹುಡುಕಿದರು. ಗಿಡ ಇದ್ದದ್ದು ತಗ್ಗಿನ ತೊರೆಗಳ ಅಂಚಿನಲ್ಲಿ. 1863ರಲ್ಲಿ ಶಾರ್ಟ್ ತೀರಿಕೊಂಡರು, ತಮ್ಮ ಹೆಸರಿನ ಗಿಡವನ್ನು ಜೀವಂತವಾಗಿ ಒಮ್ಮೆಯೂ ನೋಡದೆ.

1877ರಲ್ಲಿ ಉತ್ತರ ಕೆರೊಲಿನಾದ ಕಟಾಬಾ ನದಿಯ ದಂಡೆಯಲ್ಲಿ ಜಾರ್ಜ್ ಹೈಯಮ್ಸ್ ಎಂಬ ಹದಿಹರೆಯದ ಹುಡುಗ ತಾನು ಹಿಂದೆ ಕಂಡಿರದ ಗಿಡವೊಂದನ್ನು ಕಿತ್ತು ಅಪ್ಪನಿಗೆ ಕೊಟ್ಟ. ಅಪ್ಪ ಔಷಧಿ ಗಿಡಮೂಲಿಕೆಯ ವ್ಯವಹಾರದವರು. ಕೈಯಿಂದ ಕೈಗೆ ದಾಟಿ ಅದು ಹಾರ್ವರ್ಡ್‌ನಲ್ಲಿದ್ದ ಗ್ರೇ ಅವರ ಮೇಜಿಗೆ ಬಂತು. ಸುಮಾರು ನಾಲ್ಕು ದಶಕದ ಹುಡುಕಾಟ ಒಬ್ಬ ಹುಡುಗನ ಓಡಾಟದಲ್ಲಿ ಮುಗಿಯಿತು. ಮಿಶೊ ಗಿಡ ಕಂಡಿದ್ದ ಮೂಲ ಜಾಗ ದಕ್ಷಿಣ ಕೆರೊಲಿನಾದಲ್ಲಿ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಸಾರ್ಜೆಂಟ್ ಅವರಿಗೆ ಸಿಕ್ಕಿದ್ದು 1886ರಲ್ಲಿ.

ಶಾರ್ಟಿಯಾದ ಹತ್ತಿರದ ಬಂಧುಗಳಿರುವುದು ಜಪಾನಿನಲ್ಲಿ. ಪೂರ್ವ ಅಮೆರಿಕದ ಗಿಡಗಳಿಗೂ ಪೂರ್ವ ಏಷ್ಯಾದ ಗಿಡಗಳಿಗೂ ಇರುವ ಹೋಲಿಕೆಯನ್ನು ವಿವರಿಸಿ ಹೆಸರು ಮಾಡಿದವರು ಕೂಡ ಡಾರ್ವಿನ್‌ನ ಗೆಳೆಯ ಇದೇ ಗ್ರೇ. ಅವರ ಹಾರ್ವರ್ಡ್‌ಗೆ ಒಂದು ಶತಮಾನದ ನಂತರ ನಮ್ಮ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ ಹೋದರು, ಇರ್ವಿಂಗ್ ಬೈಲಿ ಅವರ ಜೊತೆ ಪುರಾತನ ಹೂಗಿಡಗಳ ಒಡಲರಚನೆ ಕುರಿತು ಕೆಲಸ ಮಾಡಿದರು. ಸ್ವಾಮಿಯವರ 'ಅಮೆರಿಕದಲ್ಲಿ ನಾನು' ಓದಿದವರಿಗೆ ಆ ದಿನಗಳ ಪರಿಚಯವಿದೆ. ಗಿಡದ ಹಿಂದೆ ಹೋಗುವವರ ಪ್ರವಾಸ ಉಳಿದವರ ಪ್ರವಾಸದಂತೆ ಇರುವುದಿಲ್ಲ ಎಂಬುದು ಕನ್ನಡ ಓದುಗರಿಗೆ ಅವರದೇ 'ಹಸುರು ಹೊನ್ನು' ಬಂದಂದಿನಿಂದ ಗೊತ್ತು.

ಇಷ್ಟು ಅಲೆದಾಡಿಸಿ ಸಿಕ್ಕ ಶಾರ್ಟಿಯಾದ ಕಣಿವೆಗಳಲ್ಲಿ ಬಹುಭಾಗ ಈಗ ನೀರಿನಡಿ ಇದೆ. ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ದಕ್ಷಿಣ ಕೆರೊಲಿನಾದ ಜೊಕಾಸಿ ಸರೋವರ ತುಂಬಿತು. ಮಿಕ್ಕ ಗಿಡಗಳನ್ನು ದಡದ ಡೆವಿಲ್ಸ್ ಫೋರ್ಕ್ ಉದ್ಯಾನದ ಸಣ್ಣ ಕಾಲುದಾರಿಯಲ್ಲಿ ಮಾರ್ಚ್ ನಡುವಿಗೆ ನೋಡಬಹುದು. ಹೂ ಗಂಟೆಯಾಕಾರ, ಬಿಳಿ, ತಲೆ ಬಾಗಿಸಿಕೊಂಡಿರುತ್ತದೆ. ಚಿತ್ರ ತೆಗೆಯಲು ಕೆನ್ನೆಯನ್ನು ಮಣ್ಣಿಗೆ ಹಚ್ಚಲೇಬೇಕು.

ಫೋಟೊಗ್ರಾಫರನ ಮೊಣಕೈ

ಈಗ ಇರುವೆಯ ಪ್ರಶ್ನೆಗೆ ಬರೋಣ. ಇರುವೆ ಬೀಜವನ್ನು ಒಯ್ಯುವುದು ಒಂದು ಬಾರಿಗೆ ಒಂದೆರಡು ಮೀಟರ್. ಗಾಳಿಯಲ್ಲಿ ತೇಲುವ, ಹಕ್ಕಿ ನುಂಗುವ ಬೀಜಗಳಂತೆ ಇವು ಬೆಟ್ಟ ದಾಟುವುದಿಲ್ಲ. 1992ರಲ್ಲಿ ಡಫಿ ಮತ್ತು ಮೈಯರ್ ಎಂಬ ಸಂಶೋಧಕರು ಸ್ಮೋಕಿಯೂ ಸೇರುವ ದಕ್ಷಿಣ ಅಪಲೇಷಿಯನ್ ಬೆಟ್ಟಸಾಲಿನ ಕಾಡುಗಳಲ್ಲಿ ನೆಲದ ಸಸ್ಯಗಳನ್ನು ಎಣಿಸಿದರು. ಒಮ್ಮೆ ಪೂರ್ತಿ ಕಡಿದ ಕಾಡಿನಲ್ಲಿ 87 ವರ್ಷಗಳ ನಂತರವೂ ನೆಲದ ಹೂಗಿಡಗಳು ಹಳೆಯ ಕಾಡಿನ ಮಟ್ಟಕ್ಕೆ ಮರಳಿರಲಿಲ್ಲ. ಮರಗಳು ಬೆಳೆದು ನಿಂತಿದ್ದವು, ದೂರದಿಂದ ನೋಡಿದವರಿಗೆ ಕಾಡು ಪೂರ್ಣ. ಉದ್ಯಾನವಾಗುವ ಮುನ್ನ ಸ್ಮೋಕಿಯ ಬಹುಭಾಗವೂ ಕೊಡಲಿ ಕಂಡದ್ದೇ. ಕೋವ್ ಹಾರ್ಡ್‌ವುಡ್ ದಾರಿಯ ಹೂವಿನ ಹಾಸು ಅಷ್ಟು ದಟ್ಟವಾಗಿರುವುದಕ್ಕೆ ಅಲ್ಲಿ ಹಳೆಯ ಮರಗಳು ಉಳಿದಿರುವುದೂ ಒಂದು ಕಾರಣ.

ಹತ್ತು ವರ್ಷದ ಟ್ರಿಲಿಯಮ್ ಮೇಲೆ ಒಂದು ಮೊಣಕೈ ಊರಿದರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಿ. ಚೆನ್ನಾದ ಹೂ ದಾರಿಯಿಂದ ಹತ್ತು ಹೆಜ್ಜೆ ಒಳಗಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ. ದಾರಿಯಂಚಿನಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಚೌಕಟ್ಟಿಗೆ ಅಡ್ಡ ಬಂದ ಗಿಡವನ್ನು ಕಿತ್ತು 'ಸ್ವಚ್ಛ' ಮಾಡುವುದು ಅಲ್ಲಿ ಅಪರಾಧವೂ ಹೌದು. ಅಡ್ಡ ಬಂದ ಹುಲ್ಲನ್ನು ಒಂದು ಕಡ್ಡಿಯಿಂದ ಬಾಗಿಸಿ ಹಿಡಿದು, ಚಿತ್ರ ತೆಗೆದ ಮೇಲೆ ಬಿಟ್ಟರಾಯಿತು.

ಚಿತ್ರಕ್ಕಿಂತ ಹೆಚ್ಚು ಹಾನಿ ಮಾಡುವುದು ಚಿತ್ರದ ಜೊತೆ ಹೋಗುವ ವಿಳಾಸ. ಸ್ಮೋಕಿಯಲ್ಲಿ ಜಿನ್‌ಸೆಂಗ್ ಬೇರು ಕದಿಯುವವರ ಕಾಟಕ್ಕೆ ಅಧಿಕಾರಿಗಳು ಬೇರಿಗೇ ಬಣ್ಣದ ಗುರುತು ಹಾಕಬೇಕಾಗಿ ಬಂದಿದೆ. ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಕಿತ್ತು ಮನೆಯಲ್ಲಿ ನೆಡುವವರೂ ಇದ್ದಾರೆ. ಕಾಡಿನ ಶಿಲೀಂಧ್ರ ಜೊತೆಗಿಲ್ಲದೆ ಆ ಗಿಡ ಹೆಚ್ಚಿನಂಶ ಸಾಯುತ್ತದೆ. ವಾಟ್ಸ್ಆ್ಯಪ್ ಬಳಗಕ್ಕೋ ಫೇಸ್‌ಬುಕ್‌ಗೋ ಹಾಕುವ ಮುನ್ನ ಫೋಟೊದಿಂದ ಲೊಕೇಶನ್ ತೆಗೆಯಿರಿ. 'ಸ್ಮೋಕಿ ಬೆಟ್ಟ' ಎಂದು ಬರೆದರೆ ಸಾಕು. ಗಿಡ, ಪ್ರಾಣಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಿದರೆ, ಅಪಾಯದಲ್ಲಿರುವ ಜಾತಿಯಾಗಿದ್ದಲ್ಲಿ ಅದು ತಾನೇ ಜಾಗವನ್ನು ಇಪ್ಪತ್ತು ಕಿಲೋಮೀಟರಿನಷ್ಟು ದೊಡ್ಡ ಚೌಕದಲ್ಲಿ ಮರೆಸಿಡುತ್ತದೆ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಬಲ್ಲವರು ಹೇಳುತ್ತಾರೆ. ಅವರು ಗುರುತಿಸಲೆಂದು ಹೂವಿನ ಜೊತೆ ಎಲೆ, ದಂಟುಗಳ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಜಾಗ ಮರೆಸಿ, ತಾರೀಖನ್ನು ಮಾತ್ರ ಮರೆಸಬೇಡಿ. 1850ರ ದಶಕದಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೊ ತಮ್ಮ ಕಾಂಕರ್ಡ್ ಊರಿನಲ್ಲಿ ಯಾವ ಹೂ ಯಾವ ದಿನ ಅರಳಿತು ಎಂದು ಬರೆದಿಟ್ಟಿದ್ದರು. ಸಂಶೋಧಕ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಸಂಗಡಿಗರು ಆ ಟಿಪ್ಪಣಿಗಳನ್ನು ಈಗಿನ ಲೆಕ್ಕದ ಜೊತೆ ಇಟ್ಟು ನೋಡಿದ್ದಾರೆ. ಥೋರೊ ಕಾಲಕ್ಕಿಂತ ನೆಲದ ಹೂಗಿಡಗಳು ಸುಮಾರು ಒಂದು ವಾರ ಮುಂಚೆ ಚಿಗುರುತ್ತಿವೆ. ಮರಗಳ ಎಲೆ ಸುಮಾರು ಎರಡು ವಾರ ಮುಂಚೆ ಬರುತ್ತಿದೆ. ಹೂಗಳ ಪಾಲಿನ ಬಿಸಿಲು ಅಷ್ಟರಮಟ್ಟಿಗೆ ಕಡಿಮೆಯಾಗಿದೆ ಎಂದರ್ಥ. ತಾರೀಖು ಸರಿಯಿರುವ ಒಂದು ಸಾಧಾರಣ ಫೋಟೊ ಇಂಥ ಲೆಕ್ಕಕ್ಕೆ ಬರುತ್ತದೆ. ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಭಾರತದ ಸಮಯದಿಂದ ಅಲ್ಲಿನ ಸಮಯಕ್ಕೆ ಬದಲಿಸಿಕೊಳ್ಳಿ.